ಹೊರನಾಡಿನ ಮುಪ್ಪಿಗೆ ಯಾವ ವಿಮೆ?

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರಲ್ಲಿ ಒಂದು ತಲೆಮಾರು ಈಗ ಎಪ್ಪತ್ತರ ಆಸುಪಾಸಿನಲ್ಲಿದೆ. ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡು, ವಿಜಯಪುರ, ಕಲಬುರಗಿಗಳಿಂದ ಹೋಟೆಲು, ಕಾರ್ಖಾನೆ, ಬ್ಯಾಂಕು, ರೈಲ್ವೆ ಕೆಲಸಕ್ಕೆಂದು ಬಂದವರು ಇವರು. ಇವರು ಕಟ್ಟಿದ ಸಂಘಗಳ, ಆಡಿಸಿದ ಯಕ್ಷಗಾನದ, ನಡೆಸಿದ ರಾತ್ರಿ ಶಾಲೆಗಳ ಚರಿತ್ರೆ ನಮಗೆ ಗೊತ್ತು. ಇವರು ಕಾಯಿಲೆ ಬಿದ್ದಾಗ ಖರ್ಚು ಕೊಟ್ಟವರು ಯಾರು ಎಂಬ ಚರಿತ್ರೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ.

ಆದರೆ ಈಗ ಮನೆಮನೆಯಲ್ಲಿ ಏಳುವ ಪ್ರಶ್ನೆ ಅದೇ. ಅಪ್ಪನಿಗೆ ಅರವತ್ತೆಂಟು, ಸಕ್ಕರೆ ಕಾಯಿಲೆ ಇದೆ, ಯಾವ ವಿಮೆ ಮಾಡಿಸುವುದು? ಊರಿಗೆ ಹೋಗಿ ನೆಲೆಸಿದರೆ ಇಲ್ಲಿಯ ಪಾಲಿಸಿ ಏನಾಗುತ್ತದೆ? ಉತ್ತರ ಹುಡುಕುವ ಮೊದಲು ಹಿಂದಿನದನ್ನು ಸ್ವಲ್ಪ ನೋಡಬೇಕು. ಪಾಲಿಸಿಯ ಒಂದೊಂದು ಷರತ್ತಿನ ಹಿಂದೆಯೂ ಒಂದು ಕಾಲದ ಕತೆ ಇದೆ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಆರೋಗ್ಯದ ರಕ್ಷಣೆ ಬಹುಕಾಲ ಮನುಷ್ಯನಿಗೆ ಸಿಕ್ಕಿದ್ದಲ್ಲ. ಅವನ ಜಾತಿ ಸಂಘಕ್ಕೆ, ಅವನ ನೌಕರಿಗೆ, ಅವನ ವಯಸ್ಸಿಗೆ, ಅವನ ರೇಷನ್ ಕಾರ್ಡಿಗೆ ಸಿಕ್ಕಿದ್ದು. ಊರು ಬಿಟ್ಟು ಬಂದವನ ಬಳಿ ಇವುಗಳಲ್ಲಿ ಒಂದಲ್ಲ ಒಂದು ಇಲ್ಲದೇ ಇರುತ್ತಿತ್ತು.

ಸಂಘದ ಕಾಲ

ಮೊದಲ ರಕ್ಷಣೆ ನಮ್ಮವರೇ ಕಟ್ಟಿಕೊಂಡದ್ದು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಹುಟ್ಟಿದವು. ವಿದ್ಯಾರ್ಥಿವೇತನದ ಜೊತೆಗೆ ವೈದ್ಯಕೀಯ ನೆರವೂ ಇಂಥ ಸಂಘಗಳ ಕೆಲಸವಾಯಿತು. ಅದಕ್ಕೆ ಪ್ರೀಮಿಯಂ ಇರಲಿಲ್ಲ, ಪಾಲಿಸಿ ಸಂಖ್ಯೆಯೂ ಇರಲಿಲ್ಲ. ಗುರುತಿನವರ ಮಾತಿನ ಮೇಲೆ ಸಹಾಯ ಸಿಗುತ್ತಿತ್ತು. ಆದರೆ ಅದು ನೆರವು, ಹಕ್ಕಲ್ಲ. ಕೇಳಲು ಸಂಕೋಚಪಟ್ಟವನಿಗೆ ಸಿಗಲಿಲ್ಲ. ಇಂದಿನ ಬೈಪಾಸ್ ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ಅಂಥ ನೆರವು ಸಾಲುವುದೂ ಇಲ್ಲ.

ನೌಕರಿಯ ಕಾಲ

ಹಕ್ಕಿನ ರೂಪದಲ್ಲಿ ಬಂದ ಮೊದಲ ರಕ್ಷಣೆ ಇಎಸ್‌ಐ. ಕಾಯಿದೆ 1948ರದ್ದು. ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಯಲ್ಲಿ ಶುರುವಾಗಿ, 1954ರಲ್ಲಿ ಮುಂಬಯಿಗೆ ಬಂತು. ಮುಂದೆ ವಾಗ್ಳೆ ಎಸ್ಟೇಟ್, ಥಾಣೆ-ಬೇಲಾಪುರ ಪಟ್ಟಿ, ಡೊಂಬಿವಲಿ ಎಂಐಡಿಸಿಗಳಲ್ಲಿ ಕಾರ್ಖಾನೆಗಳು ಎದ್ದಂತೆ ಈ ಭಾಗದಲ್ಲೂ ಇಎಸ್‌ಐ ದವಾಖಾನೆಗಳಾದವು. ಥಾಣೆಯ ವಾಗ್ಳೆ ಎಸ್ಟೇಟ್, ಉಲ್ಲಾಸನಗರ, ವಾಶಿಗಳಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ.

ಆದರೆ ಈ ರಕ್ಷಣೆಗೆ ಎರಡು ಬಾಗಿಲುಗಳಿದ್ದವು. ಒಂದು ಸಂಬಳದ ಮಿತಿ. ಮೊದಲು ತಿಂಗಳಿಗೆ 400 ರೂಪಾಯಿ ಇದ್ದದ್ದು 2017ರಿಂದ 21,000 ರೂಪಾಯಿ ಆಗಿದೆ. ಬಡ್ತಿ ಸಿಕ್ಕಿ ಮಿತಿ ದಾಟಿದರೆ ಕಾರ್ಡು ಹೋಯಿತು. ಇನ್ನೊಂದು ಕೆಲಸಗಾರರ ಸಂಖ್ಯೆ. ಹೋಟೆಲುಗಳಿಗೆ ಇಎಸ್‌ಐ ಅನ್ವಯವಾದ ಮೇಲೂ ಬಹುಕಾಲ ಕನಿಷ್ಠ 20 ಮಂದಿ ಇರಬೇಕೆಂಬ ನಿಯಮವಿತ್ತು. ಎಂಟು-ಹತ್ತು ಹುಡುಗರನ್ನು ಇಟ್ಟುಕೊಂಡು ನಡೆಯುತ್ತಿದ್ದ ನಮ್ಮವರ ಎಷ್ಟೋ ಹೋಟೆಲುಗಳು ಅದರಿಂದ ಹೊರಗೇ ಉಳಿದವು. ಸಪ್ಲಾಯರನಿಗೂ ಇಲ್ಲ, ಗಲ್ಲೆಯಲ್ಲಿ ಕೂತ ಮಾಲಕನಿಗೂ ಇಲ್ಲ.

ಬಹಳ ಮಂದಿಗೆ ತಿಳಿಯದ ಒಂದು ಸೌಲಭ್ಯವನ್ನು ಇಲ್ಲಿ ಹೇಳಬೇಕು. ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ದುಡಿದು, ಆ ವ್ಯಾಪ್ತಿಯಲ್ಲಿರುವಾಗಲೇ ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಪತಿ ಅಥವಾ ಪತ್ನಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು.

ಕಲ್ಯಾಣದ ರೈಲ್ವೆ ನೌಕರರ ಕತೆ ಬೇರೆ. ಅವರಿಗೆ ರೈಲ್ವೆಯದೇ ಆಸ್ಪತ್ರೆ, ನಿವೃತ್ತಿಯ ನಂತರವೂ ಅದರದೇ ಆರೋಗ್ಯ ಯೋಜನೆ ಇದೆ. ಬ್ಯಾಂಕ್ ನಿವೃತ್ತರಿಗೆ 2015ರ ವೇತನ ಒಪ್ಪಂದದ ಬಳಿಕ ಗುಂಪು ವಿಮೆಯ ದಾರಿ ತೆರೆಯಿತು. ಆದರೆ ಪ್ರೀಮಿಯಂ ನಿವೃತ್ತರೇ ಕಟ್ಟಬೇಕಾಯಿತು.

ಮೆಡಿಕ್ಲೇಮ್ ಕಾಲ

ನೌಕರಿಯ ಹಂಗಿಲ್ಲದ ವಿಮೆ 1986ರಲ್ಲಿ ಬಂತು. ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ 1973ರಿಂದ ಕಣದಲ್ಲಿದ್ದುದು ನಾಲ್ಕೇ ಸರ್ಕಾರಿ ಕಂಪನಿಗಳು. ಅವು ತಂದ ಮೆಡಿಕ್ಲೇಮ್ ಪಾಲಿಸಿಯಲ್ಲಿ ಮೊದಲು ಬಿಲ್ಲನ್ನು ನಾವೇ ಕಟ್ಟಿ, ಆಮೇಲೆ ಕಾಗದಪತ್ರ ಕೊಟ್ಟು ಹಣ ಪಡೆಯಬೇಕಿತ್ತು. ಮೊದಲೇ ಇದ್ದ ಕಾಯಿಲೆಗೆ ರಕ್ಷಣೆ ಇರಲಿಲ್ಲ. ಖಾಸಗಿ ಕಂಪನಿಗಳು ಕಾಲಿಟ್ಟದ್ದು 2000ದ ನಂತರ. ಕ್ಯಾಶ್‌ಲೆಸ್ ವ್ಯವಸ್ಥೆ ನಡೆಸುವ ಟಿಪಿಎಗಳಿಗೆ ನಿಯಮ ಬಂದದ್ದು 2001ರಲ್ಲಿ.

ಅದೇ 2001ರಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಹಿಂದೆ ಕ್ಲೇಮಿನ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರೆಂಬ ಕಾರಣಕ್ಕೆ ಒಬ್ಬ ಪಾಲಿಸಿದಾರರ ಮೆಡಿಕ್ಲೇಮ್ ನವೀಕರಣವನ್ನು ಸರ್ಕಾರಿ ಕಂಪನಿಯೊಂದು ನಿರಾಕರಿಸಿತ್ತು. ಹಾಗೆ ಮಾಡುವುದು ನ್ಯಾಯವಲ್ಲ ಎಂದಿತು ಕೋರ್ಟು. ಮುದುಕರಿಗೆ ಇದು ದೊಡ್ಡ ಮಾತು. ನಲವತ್ತರಲ್ಲಿ ಪಾಲಿಸಿ ಕೈತಪ್ಪಿದರೆ ಇನ್ನೊಂದು ಸಿಗುತ್ತದೆ, ಎಪ್ಪತ್ತರಲ್ಲಿ ಅಷ್ಟು ಸುಲಭವಲ್ಲ.

ಆಮೇಲಿನದು ಮೆಲ್ಲಮೆಲ್ಲನೆ ಗೆದ್ದ ಹಕ್ಕುಗಳ ಕತೆ. 2011ರ ಅಕ್ಟೋಬರಿನಿಂದ ಪಾಲಿಸಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ, ಕಳೆದ ಕಾಯುವ ಅವಧಿಯ ಲೆಕ್ಕದೊಡನೆ ಒಯ್ಯಬಹುದಾಯಿತು. 2013ರ ನಿಯಮಗಳು ಕನಿಷ್ಠ 65ನೇ ವಯಸ್ಸಿನವರೆಗೆ ಹೊಸ ಪಾಲಿಸಿ, ಒಮ್ಮೆ ಪಡೆದರೆ ಬದುಕಿರುವವರೆಗೆ ನವೀಕರಣ ಎಂದವು. 2024ರಲ್ಲಿ ಆ 65ರ ಗೆರೆಯೂ ಹೋಯಿತು. ಮೊದಲೇ ಇರುವ ಕಾಯಿಲೆಗೆ ಕಾಯುವ ಗರಿಷ್ಠ ಅವಧಿ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಯಿತು. ಸತತ ಐದು ವರ್ಷ ಪಾಲಿಸಿ ನಡೆಸಿದವರ ಕ್ಲೇಮನ್ನು, ಮೋಸ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರೆಂದು ತಳ್ಳಿಹಾಕುವಂತಿಲ್ಲ. 2025ರ ಜನವರಿಯಲ್ಲಿ ಹಿರಿಯರ ಪ್ರೀಮಿಯಂ ಏರಿಕೆಗೂ ಮಿತಿ ಬಂತು: ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಐಆರ್‌ಡಿಎಐ ಜೊತೆ ಮಾತಾಡಬೇಕು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿ ಹೋಯಿತು.

ಕಾರ್ಡಿನ ಕಾಲ

ಇತ್ತ ಸರ್ಕಾರಗಳೂ ವಿಮೆಗೆ ಇಳಿದವು. ಕರ್ನಾಟಕದಲ್ಲಿ 2003ರಲ್ಲಿ ಯಶಸ್ವಿನಿ ಶುರುವಾಯಿತು. ಅದು ಸಹಕಾರ ಸಂಘದ ಸದಸ್ಯರಿಗೆ. ಊರಲ್ಲಿ ಗದ್ದೆ ನೋಡಿಕೊಂಡಿದ್ದ ಅಣ್ಣನಿಗೆ ಸಿಕ್ಕಿತು, ಡೊಂಬಿವಲಿಯ ತಮ್ಮನಿಗೆ ಸಿಗಲಿಲ್ಲ. ಮಹಾರಾಷ್ಟ್ರದಲ್ಲಿ 2012ರಲ್ಲಿ ಬಂದ ಯೋಜನೆ 2017ರಲ್ಲಿ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಾಯಿತು. ಅದು ಹಳದಿ ಮತ್ತು ಕೇಸರಿ ರೇಷನ್ ಕಾರ್ಡಿನವರಿಗೆ ಮೀಸಲಿತ್ತು. ಫ್ಲಾಟು ಕೊಂಡು ಬಿಳಿ ಕಾರ್ಡು ಪಡೆದವರು ಹೊರಗುಳಿದರು, ಕಾರ್ಡನ್ನು ಊರಲ್ಲೇ ಬಿಟ್ಟುಬಂದ ಬಡ ಕೆಲಸಗಾರರೂ ಹೊರಗುಳಿದರು. ಅದನ್ನು ಎಲ್ಲ ಬಣ್ಣದ ಕಾರ್ಡಿನವರಿಗೂ ವಿಸ್ತರಿಸಿ, ಮಿತಿಯನ್ನು ಐದು ಲಕ್ಷಕ್ಕೆ ಏರಿಸಿದ್ದು ತೀರಾ ಇತ್ತೀಚೆಗೆ.

ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿದ್ದು 2024ರ ಅಕ್ಟೋಬರ್ 29ರಂದು ಶುರುವಾದ ಆಯುಷ್ಮಾನ್ ವಯ ವಂದನಾ ಕಾರ್ಡು. 70 ತುಂಬಿದ್ದರೆ ಸಾಕು, ಆದಾಯ ಎಷ್ಟೇ ಇರಲಿ, ಆಧಾರ್ ತೋರಿಸಿ ಕಾರ್ಡು ಪಡೆಯಬಹುದು. ವರ್ಷಕ್ಕೆ ಐದು ಲಕ್ಷ. ಗಂಡಹೆಂಡತಿ ಇಬ್ಬರಿಗೂ 70 ಆಗಿದ್ದರೆ ಆ ಐದು ಲಕ್ಷ ಇಬ್ಬರಿಗೂ ಸೇರಿ. ಖಾಸಗಿ ಪಾಲಿಸಿ ಅಥವಾ ಇಎಸ್‌ಐ ಇದ್ದವರೂ ಪಡೆಯಬಹುದು. ಆದರೆ ಚಿಕಿತ್ಸೆ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. ಅವಸರಕ್ಕೆ ನೀವು ಓಡುವ ಹತ್ತಿರದ ಖಾಸಗಿ ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಎಂದು ಇವತ್ತೇ ನೋಡಿಟ್ಟುಕೊಳ್ಳಬೇಕು.

ಹಾಗಾದರೆ ಆಯ್ಕೆ ಹೇಗೆ?

ಈ ಚರಿತ್ರೆ ಹೇಳುವುದು ಇಷ್ಟು: ಹೊರನಾಡಿನವನು ಮೊದಲು ಕೇಳಬೇಕಾದದ್ದು ಯಾವ ಕಂಪನಿ ಒಳ್ಳೆಯದು ಎಂದಲ್ಲ, ನಾನು ಕಾಯಿಲೆ ಬೀಳುವ ಊರು ಯಾವುದು ಎಂದು. ಹಲವು ಕಂಪನಿಗಳು ದೇಶವನ್ನು ವಲಯಗಳಾಗಿ ಹಂಚಿವೆ. ಮುಂಬಯಿ, ಥಾಣೆ, ನವಿಮುಂಬಯಿ ಸಾಮಾನ್ಯವಾಗಿ ದುಬಾರಿ ವಲಯ. ಊರಿನ ವಿಳಾಸ ಕೊಟ್ಟು ಕಡಿಮೆ ಪ್ರೀಮಿಯಂ ಕಟ್ಟಿ ಥಾಣೆಯಲ್ಲಿ ದಾಖಲಾದರೆ, ಬಿಲ್ಲಿನ ಒಂದು ಪಾಲು ನಮ್ಮ ತಲೆಗೇ ಬರಬಹುದು. ಆರು ತಿಂಗಳು ಮಗನ ಮನೆಯಲ್ಲಿ, ಆರು ತಿಂಗಳು ಊರಲ್ಲಿ ಇರುವವರು ದುಬಾರಿ ವಲಯದ್ದನ್ನೇ ಇಟ್ಟುಕೊಳ್ಳುವುದು ಕ್ಷೇಮ. ಪೂರ್ತಿಯಾಗಿ ಊರು ಸೇರುವವರು ಪಾಲಿಸಿ ಬಿಡಬಾರದು, ಕಂಪನಿಗೆ ತಿಳಿಸಿ ವಿಳಾಸ ಬದಲಿಸಬೇಕು.

ಎರಡನೆಯದು, ಇರುವ ಕಾಯಿಲೆ ಮುಚ್ಚಿಡಬಾರದು. ಮೂರು ವರ್ಷ ಕಾಯುವುದು ಕಷ್ಟ ನಿಜ, ಆದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ ಕ್ಲೇಮು ತಿರಸ್ಕೃತವಾಗುವುದು ಅದಕ್ಕಿಂತ ಕಷ್ಟ. ಮೂರನೆಯದು, ಮಗನ ಕಂಪನಿಯ ಗುಂಪು ವಿಮೆಯನ್ನೇ ನಂಬಿ ಕೂರಬಾರದು. ಅದು ಮತ್ತೆ ನೌಕರಿಗೆ ಕಟ್ಟಿದ ರಕ್ಷಣೆ. ಅವನು ಕೆಲಸ ಬಿಟ್ಟ ದಿನ ಅಪ್ಪ ಅಮ್ಮನ ರಕ್ಷಣೆಯೂ ಹೋಗುತ್ತದೆ. ಎಪ್ಪತ್ತು ದಾಟಿದವರು ಸರ್ಕಾರಿ ಕಾರ್ಡನ್ನು ಮಾಡಿಸಿಟ್ಟು, ಕೈಲಾದರೆ ಖಾಸಗಿ ಪಾಲಿಸಿಯನ್ನೂ ಜೊತೆಗೆ ನಡೆಸಬೇಕು.

ಕಂಪನಿ ಹಣ ಕೊಡಲಿಲ್ಲವೆಂದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ಲೋಕಪಾಲರಿದ್ದಾರೆ. ಈ ಭಾಗದವರಿಗೆ ಅವರ ಕಚೇರಿ ಈಗ ಥಾಣೆಯಲ್ಲೇ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಸಂಘದ ಬಾಗಿಲಲ್ಲಿ ಸಂಕೋಚದಿಂದ ನೆರವು ಕೇಳುತ್ತಿದ್ದ ಕಾಲದಿಂದ ನಾವು ಇಷ್ಟು ದೂರ ಬಂದಿದ್ದೇವೆ. ಇಲ್ಲಿ ಕೇಳುವುದು ಹಕ್ಕು, ಸಂಕೋಚ ಬೇಡ.