ಜೀವವಿಜ್ಞಾನದ ತತ್ತ್ವಶಾಸ್ತ್ರ: ಬೆಳೆದ ಬಗೆ, ಕಲಿಯುವ ಎಡೆ

ಪದವಿ ತರಗತಿಯಲ್ಲಿ ಪ್ರಾಣಿಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿ, ಪ್ರಶ್ನಪತ್ರಿಕೆಗಳಲ್ಲಿ ಎಂದೂ ಕಾಣಿಸಿಕೊಳ್ಳದ ಕೆಲವು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಹೊತ್ತು, ಅವುಗಳನ್ನು ಕ್ರಮವಾಗಿ ವ್ಯಾಸಂಗಮಾಡಲು ಎಲ್ಲಿಗೆ ಹೋಗಬೇಕೆಂದು ವಿಚಾರಿಸುತ್ತ, ತುಮಕೂರು, ಗುಬ್ಬಿ, ಕುಣಿಗಲುಗಳ ತರುಣರು ತರ್ಕಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನ್ನಂಥವನಲ್ಲಿಗೆ ಆಗಾಗ ಬರುವುದುಂಟು. ಪ್ರಭೇದವೆಂಬುದು ನಿಸರ್ಗದಲ್ಲಿರುವುದೋ ನಮ್ಮ ಪಟ್ಟಿಗಳಲ್ಲಿರುವುದೋ, ಹೃದಯವಿರುವುದು ರಕ್ತವನ್ನು ನೂಕುವುದಕ್ಕಾಗಿ ಎಂದಾಗ ನಾವು ಹೇಳುತ್ತಿರುವುದು ಕಾರಣವನ್ನೋ ಉದ್ದೇಶವನ್ನೋ, ನಿಸರ್ಗದ ಆಯ್ಕೆ ನಡೆಯುವುದು ವಂಶವಾಹಿಗಳ ನಡುವೆಯೋ ಜೀವಿಗಳ ನಡುವೆಯೋ ಗುಂಪುಗಳ ನಡುವೆಯೋ ಎಂಬಂಥವು ಆ ಪ್ರಶ್ನೆಗಳು. ಇವಕ್ಕೆ ನಮ್ಮಲ್ಲಿ ಸುಲಭವಾಗಿ ದೊರೆಯುವ ಸಮಾಧಾನಗಳು ಎರಡು: ವಿಕಾಸವಾದವೆಲ್ಲವೂ ದಶಾವತಾರದಲ್ಲಿಯೇ ಅಡಗಿರುವುದರಿಂದ ಹೊಸದಾಗಿ ಓದತಕ್ಕದ್ದೇನೂ ಇಲ್ಲವೆಂಬುದು ಒಂದು, ಜೀವವಿಜ್ಞಾನದ ತತ್ತ್ವಶಾಸ್ತ್ರವೆಂಬುದು ವೈದ್ಯಕೀಯ ನೀತಿಶಾಸ್ತ್ರಕ್ಕೆ ಕೊಟ್ಟ ಇನ್ನೊಂದು ಹೆಸರೆಂಬುದು ಮತ್ತೊಂದು. ಮೊದಲನೆಯದು ಅಭಿಮಾನದಿಂದ ಹುಟ್ಟಿದ್ದು, ಎರಡನೆಯದು ಆಲಸ್ಯದಿಂದ. ಶಾಸ್ತ್ರವು ನಡೆದುಬಂದ ದಾರಿಯನ್ನು ತಿಳಿಯದೆ ಅದರ ಪಾಠಶಾಲೆಯನ್ನು ಅರಸಹೊರಟವನಿಗೆ ಎರಡೂ ಸಮಾನವಾಗಿ ಹಾನಿಕರವಾದುದರಿಂದ, ಆ ದಾರಿಯನ್ನು ಮೊದಲು ನಿರೂಪಿಸಿ ಅನಂತರ ವ್ಯಾಸಂಗದ ಎಡೆಗಳ ವಿಚಾರಕ್ಕೆ ಬರುವುದು ಉಚಿತ.

ಪೂರ್ವಕಥೆಯನ್ನು ಬಹಳ ವಿಸ್ತರಿಸಬೇಕಾದುದಿಲ್ಲ. ಅವಯವಗಳ ಪ್ರಯೋಜನವನ್ನು ಹೇಳದೆ ಅವುಗಳ ವಿವರಣೆ ಪೂರ್ಣವಾಗದೆಂದು ಅರಿಸ್ಟಾಟಲನು ಭಾವಿಸಿದ್ದನು. ಆ ಪ್ರಯೋಜನದೃಷ್ಟಿ ನಮ್ಮ ಬುದ್ಧಿಗೆ ಅನಿವಾರ್ಯವೇ ಹೊರತು ವಸ್ತುವಿನಲ್ಲಿಯೇ ಇದೆಯೆಂದು ಸಾಧಿಸಲು ಬಾರದೆಂದು 1790ರಲ್ಲಿ ಕಾಂಟನು ಎಚ್ಚರಿಸಿದನು. ಭ್ರೂಣದ ಮೊದಲ ಜೀವಕಣಗಳನ್ನು ಬೇರ್ಪಡಿಸಿದರೂ ಒಂದೊಂದೂ ಪೂರ್ಣಜೀವಿಯಾಗಿ ಬೆಳೆಯುವುದನ್ನು ಕಂಡ ಹಾನ್ಸ್ ಡ್ರೀಷ್ ಯಂತ್ರನಿಯಮಗಳಿಗೆ ಮೀರಿದ ಜೀವಶಕ್ತಿಯೊಂದನ್ನು ಊಹಿಸಿದರು. 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಶೋಧನ ಮಂದಿರವನ್ನು ಸ್ಥಾಪಿಸಿದ ಜಗದೀಶಚಂದ್ರ ಬೋಸರ ಸಸ್ಯಪ್ರಯೋಗಗಳನ್ನು ನಮ್ಮವರು ಅದ್ವೈತಕ್ಕೆ ಸಾಕ್ಷ್ಯವೆಂದು ಕೊಂಡಾಡಿದರೇ ವಿನಾ, ಪ್ರಯೋಗವೊಂದು ಸಿದ್ಧಾಂತಕ್ಕೆ ಸಾಕ್ಷ್ಯವಾಗುವುದು ಹೇಗೆಂದು ವಿಚಾರಿಸಲಿಲ್ಲ. 1929ರಲ್ಲಿಯೂ 1937ರಲ್ಲಿಯೂ ಎರಡು ಘನಗ್ರಂಥಗಳನ್ನು ಬರೆದ ಜೆ. ಎಚ್. ವುಡ್ಜರ್ ಅವರು ಜೀವವಿಜ್ಞಾನವನ್ನು ಸಾಂಕೇತಿಕ ತರ್ಕದ ಸೂತ್ರಗಳಿಗೆ ಅಳವಡಿಸಲು ಶ್ರಮಿಸಿದರು. ಆ ಶ್ರಮದಲ್ಲಿ ತರ್ಕವು ಉಳಿದಷ್ಟು ಜೀವಿಗಳು ಉಳಿಯಲಿಲ್ಲ.

ನಮ್ಮ ದೇಶಕ್ಕೆ ಸಂಬಂಧಿಸಿದ ಕಥೆ ಸರಿಯಾಗಿ ತೊಡಗುವುದು 1957ರಲ್ಲಿ, ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು ಇಂಗ್ಲೆಂಡನ್ನು ತೊರೆದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದಾಗ. ದುಬಾರಿಯಾದ ಉಪಕರಣಗಳಿಲ್ಲದ ದೇಶದಲ್ಲಿ ಎಣಿಸುವುದರಿಂದಲೂ ಅಳೆಯುವುದರಿಂದಲೂ ಪ್ರಥಮದರ್ಜೆಯ ಜೀವವಿಜ್ಞಾನವು ಸಾಧ್ಯವೆಂಬುದು ಅವರ ನಂಬಿಕೆಯಾಗಿದ್ದಿತು. ಅವರ ಸಹವರ್ತಿಯಾದ ಟಿ. ಎ. ಡೇವಿಸ್ ತೆಂಗಿನ ಮರಗಳಲ್ಲಿ ಗರಿಗಳ ಸುತ್ತು ಕೆಲವಕ್ಕೆ ಎಡಕ್ಕೂ ಕೆಲವಕ್ಕೆ ಬಲಕ್ಕೂ ಇರುವುದನ್ನು ಎಣಿಸಿ, ಈ ಎಡಬಲಗಳು ತಾಯಿಮರದಿಂದ ಸಸಿಗೆ ಆನುವಂಶಿಕವಾಗಿ ಬರುವುದಿಲ್ಲವೆಂದು 1962ರಲ್ಲಿ ಪ್ರಕಟಿಸಿದರು; ಎಡಸುತ್ತಿನ ಮರಗಳು ಹೆಚ್ಚು ಕಾಯಿ ಬಿಡುವುವೆಂಬುದನ್ನೂ ಅವರೇ ತೋರಿಸಿದರು. ಫಲವನ್ನು ನಿರ್ಣಯಿಸುವ ಲಕ್ಷಣವೊಂದು ವಂಶದಿಂದ ಬಾರದೆ ಆಕಸ್ಮಿಕವಾಗಿ ಒದಗುವುದಾದರೆ, ಅದರ ಮೇಲೆ ಆಯ್ಕೆ ಎಷ್ಟು ತಲೆಮಾರು ನಡೆದರೂ ವಿಕಾಸವಾಗಲಾರದು. ಹಾಗಾದರೆ ಇಲ್ಲಿ ‘ಯೋಗ್ಯತೆ’ ಎಂಬ ಮಾತಿಗೆ ಏನರ್ಥ? ತೆಂಗನ್ನೇ ನಂಬಿದ ನಮ್ಮ ಜಿಲ್ಲೆಯಲ್ಲಿ ತತ್ತ್ವಶಾಸ್ತ್ರದ ಯಾವ ತರಗತಿಯಲ್ಲಿಯೂ ಈ ಪ್ರಶ್ನೆಯನ್ನು ಕೇಳಿದುದನ್ನು ನಾನರಿಯೆ. ಹಾಲ್ಡೇನರು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಗಣಿತವನ್ನು ನಮ್ಮ ವಿಜ್ಞಾನಿಗಳು ಉಳಿಸಿಕೊಂಡರು. ಅವರ ತತ್ತ್ವಚಿಂತನೆಗೆ ವಾರಸುದಾರರಿಲ್ಲದೆ ಹೋಯಿತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಶಾಸ್ತ್ರವು ತನ್ನ ಕಾಲಮೇಲೆ ನಿಲ್ಲತೊಡಗಿದ್ದಿತು. ಹಕ್ಕಿಯೊಂದು ವಲಸೆಹೊರಡಲು ಈ ರಾತ್ರಿಯ ಚಳಿಯೂ ಕಾರಣ, ಅದರ ಪೂರ್ವಜರ ಚರಿತ್ರೆಯೂ ಕಾರಣ, ಈ ಎರಡು ಬಗೆಯ ಕಾರಣಗಳನ್ನು ಬೆರಸಕೂಡದೆಂದು ಅರ್ನ್‌ಸ್ಟ್ ಮಯರ್ ಅವರು 1961ರಲ್ಲಿ ವಾದಿಸಿದರು. ಪ್ರಭೇದಗಳಿಗೆ ನಿತ್ಯವಾದ ಸಾರವೊಂದಿದೆಯೆಂಬ ಅರಿಸ್ಟಾಟಲನ ಸಂಸ್ಕಾರವು ವರ್ಗೀಕರಣಶಾಸ್ತ್ರವನ್ನು ಎರಡು ಸಾವಿರ ವರ್ಷ ಕಾಡಿತೆಂದು ಡೇವಿಡ್ ಹಲ್ ಅವರು 1965ರಲ್ಲಿ ಬರೆದರು. 1974ರಲ್ಲಿ ಮೈಕೇಲ್ ಗಿಸೆಲಿನ್ ಅವರೂ ಬೆನ್ನಿಗೇ ಹಲ್ ಅವರೂ ಮುಂದಿಟ್ಟ ವಾದವಂತೂ ನನ್ನ ಪೀಳಿಗೆಯವರ ನಿದ್ದೆಗೆಡಿಸಿತು: ಪ್ರಭೇದವೆಂಬುದು ಸಮಾನಲಕ್ಷಣಗಳುಳ್ಳ ವಸ್ತುಗಳ ವರ್ಗವಲ್ಲ, ಹುಟ್ಟುಸಾವುಗಳುಳ್ಳ ಒಂದು ವ್ಯಕ್ತಿ, ಹುಲಿಯು ಹುಲಿಯಾಗಿರುವುದು ಪಟ್ಟೆಗಳಿಂದಲ್ಲ, ಸಂತತಿಯಿಂದ. ಇದನ್ನು ಕೇಳಿ ನಗುವವರು ಕುಣಿಗಲಿನ ಕುದುರೆ ಫಾರಂಗೆ ಹೋಗಿ ನೋಡಬಹುದು. ಟಿಪ್ಪುವಿನ ಕಾಲದ ಹೆಸರನ್ನು ಹೇಳುವ ಆ ಲಾಯಗಳಲ್ಲಿ ಥರೋಬ್ರೆಡ್ ಎನಿಸಿಕೊಳ್ಳಬೇಕಾದರೆ ಮರಿಗೆ ಓಟವಾಗಲಿ ಮೈಕಟ್ಟಾಗಲಿ ಪ್ರಮಾಣವಲ್ಲ. 1791ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಅಚ್ಚಾದ ವಂಶಾವಳಿಯ ಪರಂಪರೆಗೆ ತಂದೆತಾಯಿಗಳ ಹೆಸರು ಸೇರಬೇಕು. ಲಕ್ಷಣವೆಲ್ಲವೂ ಇದ್ದು ವಂಶಾವಳಿ ಇಲ್ಲದ ಕುದುರೆ ಅಲ್ಲಿ ಆ ಹೆಸರಿಗೆ ಸಲ್ಲದು. ಕುದುರೆಯ ತಳಿಗೆ ಲಾಯದವರು ಅನ್ವಯಿಸಿಕೊಂಡ ನಿಯಮವನ್ನು ಹಲ್ ಅವರು ಜೀವಲೋಕಕ್ಕೆಲ್ಲ ವಿಸ್ತರಿಸಿದರು.

ಇನ್ನು ನಾನು ಹೆಚ್ಚು ಗೌರವಿಸುವ ಪರಂಪರೆಯ ಮಾತು. ರಿಚರ್ಡ್ ಲೆವಾಂಟಿನ್ ಅವರು ತಳಿವಿಜ್ಞಾನಿ. ಆಯ್ಕೆಯ ಘಟಕ ಯಾವುದೆಂಬ ಪ್ರಶ್ನೆಯನ್ನು 1970ರಲ್ಲಿ ಶುದ್ಧ ರೂಪದಲ್ಲಿಟ್ಟವರು. 1979ರಲ್ಲಿ ಸ್ಟೀಫನ್ ಜೇ ಗೂಲ್ಡರೊಡನೆ, ಜೀವಿಯ ಪ್ರತಿಯೊಂದು ಲಕ್ಷಣಕ್ಕೂ ಪ್ರಯೋಜನದ ಕಥೆಯೊಂದನ್ನು ಕಟ್ಟುವ ಚಾಪಲ್ಯವನ್ನು ಖಂಡಿಸಿದವರು. ಆದರೆ ಅವರ ಬರಹಕ್ಕಿಂತಲೂ ಅವರ ಪ್ರಯೋಗಶಾಲೆಯ ಪದ್ಧತಿಯೇ ಶಾಸ್ತ್ರವನ್ನು ಬೆಳಸಿತೆಂದು ನಾನು ತಿಳಿದಿದ್ದೇನೆ. ಶಿಕಾಗೋದಲ್ಲಿ ವಿಲಿಯಂ ವಿಮ್‌ಸ್ಯಾಟ್, ಹಾರ್ವರ್ಡಿನಲ್ಲಿ ಎಲಿಯಟ್ ಸೋಬರ್, ಇಬ್ಬರೂ ತತ್ತ್ವಶಾಸ್ತ್ರಜ್ಞರಾಗಿಯೇ ಬಂದು ಲೆವಾಂಟಿನ್ ಅವರ ಪ್ರಯೋಗದ ನೊಣಗಳ ನಡುವೆ ಕುಳಿತು, ಲೆಕ್ಕವನ್ನು ಕಲಿತು, ವಿಜ್ಞಾನಿಗಳು ಅರಿಯದೆ ಬಳಸುತ್ತಿದ್ದ ಪದಗಳನ್ನು ಅವರ ಎದುರಿನಲ್ಲಿಯೇ ಪರೀಕ್ಷಿಸಿದರು. 1984ರಲ್ಲಿ ಸೋಬರರು ಪ್ರಕಟಿಸಿದ ಆಯ್ಕೆಯ ಸ್ವರೂಪವನ್ನು ಕುರಿತ ಗ್ರಂಥವು ಆ ಸಹವಾಸದ ಫಲ. 1986ರಲ್ಲಿ ಮೈಕೇಲ್ ರೂಸ್ ಅವರು ಶಾಸ್ತ್ರಕ್ಕೆಂದೇ ಪತ್ರಿಕೆಯೊಂದನ್ನು ತೊಡಗಿದರು. 1989ರಲ್ಲಿ ಎರಡು ವರ್ಷಕ್ಕೊಮ್ಮೆ ಸೇರುವ ಅಂತರರಾಷ್ಟ್ರೀಯ ಸಂಘವೂ ಸ್ಥಾಪಿತವಾಯಿತು. ಮೊದಲು ಪ್ರಯೋಗಶಾಲೆಯ ಕೊಠಡಿ, ಆಮೇಲೆ ಗ್ರಂಥ, ಪತ್ರಿಕೆ, ಸಂಘ: ಈ ಅನುಕ್ರಮವನ್ನು ಮರೆತು ನಮ್ಮಲ್ಲಿ ಮೊದಲು ನಾಮಫಲಕವನ್ನು ಬರೆಸುತ್ತಾರೆ.

ಈಚಿನ ವರ್ಷಗಳಲ್ಲಿ ಚರ್ಚೆಯು ಜೀವವ್ಯಕ್ತಿ ಎಂದರೆ ಏನೆಂಬುದರ ಕಡೆಗೆ ತಿರುಗಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರದ ತಾಮ್ರಗೆಂಪಿನ ತೊಳೆಯನ್ನು ಮೆಚ್ಚಿ, ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ಅದನ್ನು ‘ಸಿದ್ದು’ ಎಂಬ ಹೆಸರಿನಿಂದ ಕಸಿಮಾಡಿ ಹಬ್ಬಿಸಿರುವುದು ನಮಗೆಲ್ಲ ತಿಳಿದ ವಿಷಯ. ನಾನಾ ತೋಟಗಳಲ್ಲಿ ಬೆಳೆಯುತ್ತಿರುವ ಆ ಕಸಿಗಿಡಗಳು ತಾಯಿಮರದ ಮಕ್ಕಳೋ, ಅಥವಾ ಹಲವು ಬೇರುಗಳ ಮೇಲೆ ನಿಂತಿರುವ ಒಂದೇ ಮರವೋ? ಗಂಡುಹೆಣ್ಣುಗಳ ಕೂಟವಿಲ್ಲದೆ ಸಂತಾನವಾಗುವ ಕೀಟಗಳನ್ನೂ ಗಿಡಗಳನ್ನೂ ಕುರಿತು ಡೇನಿಯಲ್ ಜ್ಯಾನ್‌ಸನ್ 1977ರಲ್ಲಿ ಎತ್ತಿದ ಪ್ರಶ್ನೆ ಇದೇ: ತದ್ರೂಪುಗಳೆಲ್ಲ ಸೇರಿ ವಿಕಾಸದ ದೃಷ್ಟಿಯಲ್ಲಿ ಒಂದೇ ವ್ಯಕ್ತಿಯೆಂದು ಅವರ ಉತ್ತರ. ಆ ಉತ್ತರವನ್ನು ಒಪ್ಪಿದವನು ಚೇಳೂರಿನ ಮೂಲವೃಕ್ಷ ಬಿದ್ದರೂ ಮರ ಸತ್ತಿತೆಂದು ಹೇಳಲಾರನು. ಒಪ್ಪದವನು ಕಸಿಗಿಡಗಳನ್ನು ಬೇರೆಬೇರೆಯೆನ್ನಲು ಆಧಾರವನ್ನು ತೋರಿಸಬೇಕು.

ಬೆಂಗಳೂರಿನಲ್ಲಿ ಈ ಪ್ರಶ್ನೆಗಳಿಗೆ ಪ್ರಯೋಗಗಳಿಂದಲೇ ಉತ್ತರ ಹುಡುಕಿದವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಅವರು ರೊಪಾಲಿಡಿಯ ಮಾರ್ಜಿನೇಟ ಎಂಬ ಕಣಜದ ಗೂಡುಗಳನ್ನು ದಶಕಗಳ ಕಾಲ ನೋಡಿ, ಒಂದೇ ಗೂಡಿನಲ್ಲಿ ದುಡಿಯುವ ಹೆಣ್ಣುಗಳಿಗೆ ಪರಸ್ಪರ ರಕ್ತಸಂಬಂಧ ಅಷ್ಟೇನೂ ನಿಕಟವಲ್ಲವೆಂದೂ, ಆದಕಾರಣ ಬಂಧುಗಳಿಗೆ ನೆರವಾಗುವುದನ್ನು ಕುರಿತು 1964ರಲ್ಲಿ ವಿಕಾಸತಜ್ಞ ಹ್ಯಾಮಿಲ್ಟನ್ ಹೇಳಿದ ಸೂತ್ರದಲ್ಲಿ ರಕ್ತಸಂಬಂಧವೊಂದನ್ನೇ ಹಿಡಿದು, ಸ್ವಂತ ಸಂತಾನವನ್ನು ಬಿಟ್ಟು ದುಡಿಯುವ ಅವುಗಳ ತ್ಯಾಗವನ್ನು ವಿವರಿಸಲಾಗದೆಂದೂ ತೋರಿಸಿದರು. ಅದೇ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯನವರು ಅಭ್ಯಸಿಸಿದ ಲೋಳೆಶಿಲೀಂಧ್ರದಲ್ಲಿ, ಹಸಿದ ಒಂಟಿ ಜೀವಕಣಗಳು ಒಂದುಗೂಡಿ, ಸುಮಾರು ಐದರಲ್ಲೊಂದು ಪಾಲು ಸತ್ತು ಕಾಂಡವಾಗಿ ಉಳಿದವನ್ನು ಎತ್ತಿಹಿಡಿಯುತ್ತವೆ. ಅಲ್ಲಿ ಜೀವಿ ಯಾವುದು, ಕಣವೋ ಕಾಂಡವೋ? 2004ರಲ್ಲಿ ಗದಗ್‌ಕರ್ ಅವರ ನೇತೃತ್ವದಲ್ಲಿ ಅದೇ ಸಂಸ್ಥೆಯಲ್ಲಿ ತೆರೆದ ಸಮಕಾಲೀನ ಅಧ್ಯಯನ ಕೇಂದ್ರವು ತತ್ತ್ವಶಾಸ್ತ್ರಜ್ಞರನ್ನೂ ಚರಿತ್ರಕಾರರನ್ನೂ ವಿಜ್ಞಾನಿಗಳ ಮಧ್ಯಕ್ಕೆ ಕರೆತಂದಿತು. 1988ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು, ಮುಂದೆ ಮಣಿಪಾಲದಲ್ಲಿ ತತ್ತ್ವಶಾಸ್ತ್ರದ ಕೇಂದ್ರವನ್ನು ಕಟ್ಟಿದ ಸುಂದರ್ ಸರುಕ್ಕೈ ಅವರು ಭಾರತೀಯ ತರ್ಕವನ್ನು ವಿಜ್ಞಾನದ ತತ್ತ್ವಕ್ಕೆ ಜೋಡಿಸಿದರು. ಆದರೆ ನಮ್ಮ ವಿಜ್ಞಾನತತ್ತ್ವವು ಒಟ್ಟಿನಲ್ಲಿ ಭೌತಶಾಸ್ತ್ರದ ಜಗಲಿಯನ್ನು ಬಿಟ್ಟು ಇಳಿದಿಲ್ಲ. ಹಾಗಿದ್ದರೂ 2019ರಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ತೆರೆದ ದಾಖಲೆಗಳ ಭಂಡಾರವು ಜೀವವಿಜ್ಞಾನದ ಚರಿತ್ರೆಯನ್ನು ಬರೆಯುವವನಿಗೆ ನಿಧಿಯೇ ಸರಿ.

ಹೀಗಿರಲು, ಕಲಿಯಬಯಸುವವನು ಎಲ್ಲಿಗೆ ಹೋಗಬೇಕು? ಈ ಶಾಸ್ತ್ರದ ಹೆಸರಿನಲ್ಲಿಯೇ ಪದವಿ ಕೊಡುವ ವಿಭಾಗಗಳು ಜಗತ್ತಿನಲ್ಲಿ ವಿರಳ. ವಿಜ್ಞಾನದ ಚರಿತ್ರೆ ಮತ್ತು ತತ್ತ್ವಗಳ ವಿಭಾಗಗಳು ಒಂದು ದಾರಿ: ಪಿಟ್ಸ್‌ಬರ್ಗ್, ಕೇಂಬ್ರಿಜ್, 1960ರಷ್ಟು ಹಿಂದೆಯೇ ಸ್ಥಾಪಿತವಾದ ಇಂಡಿಯಾನ. ಜೀವವಿಜ್ಞಾನವನ್ನು ಬಲ್ಲವರಿರುವ ತತ್ತ್ವಶಾಸ್ತ್ರ ವಿಭಾಗಗಳು ಇನ್ನೊಂದು: ವಿಸ್ಕಾನ್ಸಿನ್, ಕ್ಯಾಲಿಫೋರ್ನಿಯದ ಡೇವಿಸ್, ಆಸ್ಟ್ರೇಲಿಯದ ಸಿಡ್ನಿ ಮತ್ತು ಕ್ಯಾನ್ಬೆರ. ಇಂಗ್ಲೆಂಡಿನ ಎಕ್ಸೆಟರಿನಲ್ಲಿಯೂ ಅರಿಜೋನದಲ್ಲಿಯೂ ಇರುವಂಥ ಮಿಶ್ರಕೇಂದ್ರಗಳು ಮೂರನೆಯದು. ಅಮೆರಿಕದ ಡಾಕ್ಟರೇಟ್ ವ್ಯಾಸಂಗಕ್ಕೆ ಸಾಮಾನ್ಯವಾಗಿ ಹಲವು ವರ್ಷಗಳ ವೇತನ ದೊರೆಯುವುದು, ಅರ್ಜಿಗಳ ಕಾಲ ಡಿಸೆಂಬರ್ ಜನವರಿ; ಇಂಗ್ಲೆಂಡಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ವೇತನವನ್ನು ಬೇರೆ ಕಡೆಯಿಂದ ಹೊಂದಿಸಿಕೊಳ್ಳಬೇಕು. ಎಲ್ಲಿಗೆ ಬರೆದರೂ ಅಂಕಪಟ್ಟಿಗಿಂತ ಹೆಚ್ಚು ತೂಗುವುದು ಲಗತ್ತಿಸುವ ಪ್ರಬಂಧ. ಶ್ರೇಯಾಂಕದ ಪಟ್ಟಿಯನ್ನು ನೋಡುವುದಕ್ಕಿಂತ, ತಾನು ಮೆಚ್ಚಿದ ನಾಲ್ಕು ಲೇಖನಗಳನ್ನು ಬರೆದವರು ಎಲ್ಲಿ ಬೋಧಿಸುತ್ತಿದ್ದಾರೆ, ನಿವೃತ್ತರಾಗುವವರೋ ಉಳಿಯುವವರೋ, ಪ್ರಯೋಗಶಾಲೆಯ ಬಾಗಿಲು ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ತೆರೆದಿದೆಯೋ ಎಂಬುದನ್ನು ವಿಚಾರಿಸುವುದು ಲೇಸು. ದೇಶದೊಳಗೆ ಐಐಟಿಗಳ ಮಾನವಿಕ ವಿಭಾಗಗಳಲ್ಲಿ ತತ್ತ್ವಶಾಸ್ತ್ರದ ಡಾಕ್ಟರೇಟ್ ಸಾಧ್ಯ; ಮಾರ್ಗದರ್ಶಕರ ಅಭಿರುಚಿಯೇ ಅಲ್ಲಿ ಎಲ್ಲ.

ಇಷ್ಟನ್ನು ಹೇಳಿದಮೇಲೆ ಉಳಿಯುವ ತೆರಪು ಕಣ್ಣಿಗೆ ರಾಚುತ್ತದೆ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ತತ್ತ್ವಶಾಸ್ತ್ರದ ದೊಡ್ಡ ಪರಂಪರೆಯಿದೆ. ರಾಧಾಕೃಷ್ಣನ್ನರೂ ಹಿರಿಯಣ್ಣನವರೂ ಅಲ್ಲಿ ಬೋಧಿಸಿದವರು. ತುಮಕೂರಿನ ಬೆಳ್ಳಾವೆಯಿಂದ ಹೊರಟು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ನಡೆಸಿದರಲ್ಲದೆ, ‘ಜೀವವಿಜ್ಞಾನ’ವೆಂಬ ಗ್ರಂಥವನ್ನೂ ಬರೆದರು. 1980ರ ‘ಕರ್ವಾಲೊ’ದಲ್ಲಿ ತೇಜಸ್ವಿಯವರು ಹಾರುವ ಓತಿಯೊಂದರ ಬೆನ್ನುಹತ್ತಿ ವಿಕಾಸದ ಕಾಲವನ್ನು ಕಾದಂಬರಿಯೊಳಕ್ಕೆ ತಂದರು. ದರ್ಶನವೂ ವಿಜ್ಞಾನವೂ ಭಾಷೆಯೂ ಹೀಗೆ ಒಂದೊಂದಾಗಿ ನಮ್ಮಲ್ಲಿ ಸಿದ್ಧವಿದ್ದು, ಮೂರನ್ನೂ ಒಬ್ಬ ವಿದ್ಯಾರ್ಥಿ ಕಲಿಯಬಹುದಾದ ಸ್ನಾತಕೋತ್ತರ ಪೀಠವೊಂದನ್ನು ನಾನು ಕರ್ನಾಟಕದಲ್ಲಿ ಕಾಣೆ. ತುಮಕೂರಿನಿಂದ ರೈಲಿನಲ್ಲಿ ಹೊರಟವನು ಯಶವಂತಪುರದಲ್ಲಿ ಇಳಿದರೆ ಗದಗ್‌ಕರ್ ಅವರ ಕಣಜಗಳಿದ್ದ ಆವರಣ ಸಮೀಪದಲ್ಲಿಯೇ ಇದೆ. ತತ್ತ್ವಶಾಸ್ತ್ರದ ಪದವಿಗಾಗಿ ಆ ಆವರಣವನ್ನು ಪ್ರವೇಶಿಸಲು ಮಾತ್ರ ಅವನಿಗೆ ದಾರಿಯಿಲ್ಲ. ತತ್ತ್ವಶಾಸ್ತ್ರದವರೊಬ್ಬರು, ಜೀವವಿಜ್ಞಾನದವರೊಬ್ಬರು, ವರ್ಷಕ್ಕೆ ಆರೆಂಟು ವಿದ್ಯಾರ್ಥಿಗಳು, ಮೊದಲ ವರ್ಷ ಒಂದು ಪ್ರಯೋಗಶಾಲೆಯಲ್ಲಿ ಕಡ್ಡಾಯವಾದ ದುಡಿಮೆ, ಎರಡನೆಯ ವರ್ಷ ಒಂದು ಪ್ರಬಂಧ, ಅದನ್ನು ಕನ್ನಡದಲ್ಲಿ ಬರೆಯಲು ಸ್ವಾತಂತ್ರ್ಯ: ಇಷ್ಟಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯವು ಬೆಂಗಳೂರಿನ ಸಂಸ್ಥೆಗಳೊಡನೆ ಒಡಂಬಟ್ಟು ಇದನ್ನು ಕೈಗೊಂಡರೆ, ವಿದೇಶಕ್ಕೆ ಹೋಗುವವನು ಸಿದ್ಧನಾಗಿ ಹೋಗುವನು, ಹೋಗಲಾರದವನೂ ಶಾಸ್ತ್ರದಿಂದ ವಂಚಿತನಾಗನು.