ಓಬವ್ವನಿಗೆ ಮುಂದಿನ ಸಂಚಿಕೆ ಯಾಕಿಲ್ಲ?

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಓದಿ.

ಹೋದ ಭಾನುವಾರ ನಮ್ಮಕ್ಕನ ಮನೆಗೆ ಹೋಗಿದ್ದೆ. ಮನೆ ಅಂದ್ರೆ ಮೂಡಿಗೆರೆ ದಾಟಿ ಕಳಸದ ದಾರೀಲಿ ಒಳಕ್ಕೆ ಹೋದ್ರೆ ಸಿಗುವ ಒಂದು ಕಾಫಿ ತೋಟದ ಲೈನು. ಮಳೆ ಹಿಡಿದಿತ್ತು. ಒಲೆ ಮುಂದೆ ಕೂತು ಇಂಬಳ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಕೊಳ್ತಿದ್ದೆ. ಅಕ್ಕನ ಮಗಳು ಬಂದು, "ಚಿಕ್ಕವ್ವ, ಅಪ್ಪಂಗೆ ಹೇಳಬಾರ್ದು" ಅಂತ ಒಂದು ನೋಟ್‌ಬುಕ್ ಕೈಗಿಟ್ಳು. ಏಳನೇ ಕ್ಲಾಸಿನ ವಿಜ್ಞಾನದ ನೋಟ್‌ಬುಕ್ಕು. ಹಿಂದಿನಿಂದ ತಿರುಗಿಸಿದರೆ ಕಾದಂಬರಿ!

ಕತೆಯ ನಾಯಕಿ ಇವಳ ವಯಸ್ಸಿನವಳೇ. ಬೆನ್ನ ಮೇಲೆ ನೀಲಿ ಪ್ಲಾಸ್ಟಿಕ್ ಕೊಪ್ಪೆ. ನಮ್ಮ ಹೆಂಗಸ್ರು ಮಳೇಲಿ ತೋಟದ ಕೆಲಸಕ್ಕೆ ಹೋಗುವಾಗ ಹಾಕ್ಕೊಳ್ತಾರಲ್ಲ, ಅದೇ. ಚಿತ್ರದಲ್ಲಿ ಅದು ಗಾಳಿಗೆ ರೆಕ್ಕೆ ಥರ ಹಾರ್ತಾ ಇದೆ. ಅವಳ ಶಕ್ತಿ ಏನಪ್ಪಾ ಅಂದ್ರೆ, ಆನೆ ಎಲ್ಲಿ ನಿಂತಿದೆ ಅಂತ ಅಂಗಾಲಿಗೆ ಗೊತ್ತಾಗುತ್ತೆ. ದಿನಾ ಬೆಳಿಗ್ಗೆ ಲೈನಿನ ಚಿಕ್ಕ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸ್ಕೊಂಡು ತೋಟದೊಳಗಿನಿಂದ ಶಾಲೆಗೆ ದಾಟಿಸ್ತಾಳೆ. ಪ್ರತಿ ಅಧ್ಯಾಯದ ಕೊನೆಗೆ ಕೆಂಪು ಪೆನ್ನಲ್ಲಿ "ಮುಂದುವರಿಯುವುದು" ಅಂತ ಬರೆದು ಎರಡು ಗೆರೆ ಎಳೆದಿದಾಳೆ.

(ಅವಳನ್ನ ಕೇಳಿಯೇ ಇದನ್ನ ಬರೀತಿದೀನಿ. ಹೆಸರು ಹಾಕಬೇಡ ಅಂದಿದಾಳೆ.)

ಮೂವತ್ತು ವರ್ಷದಿಂದ ಕೈಗೆ ಸಿಕ್ಕಿದ್ದೆಲ್ಲ ಓದಿದೀನಿ. ಇಂಥ ಹುಡುಗಿ ಒಂದು ಕನ್ನಡ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಈ ಬೆಟ್ಟಗಳಲ್ಲಿ ಸಾಹಸ ಅನ್ನೋದು ಇಷ್ಟು ದಿನ ಯಾರ ಸೊತ್ತಾಗಿತ್ತು ಅಂತ ಯೋಚನೆ ಶುರುವಾಯ್ತು.

ಮೊದಲು ಅದು ದೊರೆಗಳದ್ದಾಗಿತ್ತು. ಬಾಬಾಬುಡನ್ ಏಳು ಬೀಜ ತಂದ ಕತೆ ಎಲ್ಲರಿಗೂ ಗೊತ್ತು. ಆದ್ರೆ ಕಾಡು ಕಡಿದು ಎಸ್ಟೇಟ್ ಎಬ್ಬಿಸಿದ್ದು 19ನೇ ಶತಮಾನದಲ್ಲಿ. ಆಗ ಬಂದ ಸ್ಕಾಟ್ಲೆಂಡಿನ ಪ್ಲಾಂಟರ್ ಆರ್. ಎಚ್. ಎಲಿಯಟ್, ಮಂಜರಾಬಾದ್ ಸೀಮೆಯಲ್ಲಿ, ಅಂದ್ರೆ ನಮ್ಮ ಪಕ್ಕದ ಸಕಲೇಶಪುರದ ಕಡೆ ತೋಟ ಮಾಡಿದವನು, 1871ರಲ್ಲಿ ಮೈಸೂರಿನ ಕಾಡುಗಳಲ್ಲಿ ಪ್ಲಾಂಟರನ ಅನುಭವಗಳ ಬಗ್ಗೆ ಪುಸ್ತಕ ಬರೆದ. 1894ರಲ್ಲಿ ಚಿನ್ನ, ಶಿಕಾರಿ ಮತ್ತು ಕಾಫಿ ಬಗ್ಗೆ ಇನ್ನೊಂದು. ಹುಲಿ ಶಿಕಾರಿ, ಕಾಟಿ ಶಿಕಾರಿ, ತೋಟದ ಲೆಕ್ಕಾಚಾರ, ಎಲ್ಲ ಇದೆ. ಕಾಡು ಕಡಿದವರು, ಗುಂಡಿ ತೋಡಿದವರು, ಗಿಡ ಹೊತ್ತವರು, ಶಿಕಾರಿಗೆ ಸೋವಿದವರು ಅದರಲ್ಲಿ ಕೂಲಿಗಳು. ಹುಲಿ ಸೋವುವಾಗ ಬರಿಗೈಲಿ ಮುಂದೆ ಹೋದವನು ಸಾಹಸಿ ಅಲ್ಲ, ಹಿಂದೆ ಕೋವಿ ಹಿಡಿದು ಕೂತವನು ಸಾಹಸಿ. ಇದು ಆಗ ಬಿದ್ದ ಅಚ್ಚು, ಆಮೇಲೆ ಬಹಳ ದಿನ ನಡೀತು.

ನಾನು ಚಿಕ್ಕವಳಿದ್ದಾಗ ಧಣಿ ಮನೆಯಿಂದ ರದ್ದಿಗೆ ಹಾಕೋ ಪೇಪರಿನ ಜೊತೆ ಹಳೇ 'ಸುಧಾ' ಬರ್ತಿತ್ತು. ಅದರಲ್ಲಿ ಫ್ಯಾಂಟಮ್. ಹುಚ್ಚು ಹಿಡಿಸ್ಕೊಂಡು ಓದ್ತಿದ್ದೆ. ಈಗ ಯೋಚಿಸಿದ್ರೆ ನಗು ಬರುತ್ತೆ. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಆ ಹೀರೋ ಯಾರು? ಕಾಡಿನ ಮಧ್ಯೆ ಬಂಡೆಯ ಸಿಂಹಾಸನದ ಮೇಲೆ ಕೂತ ಬಿಳಿಯ. ಸುತ್ತ ಕಾಡಿನ ಕಪ್ಪು ಜನ ಕೈಕಟ್ಟಿ ನಿಂತಿರ್ತಾರೆ. ನಾಯಿ, ಕುದುರೆ, ಉಂಗುರ, ಕೋವಿ. ಎಲಿಯಟ್ ದೊರೆಗೆ ಮುಖವಾಡ ಹಾಕಿದ್ರೆ ಫ್ಯಾಂಟಮ್ ಆಗ್ತಾನೆ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂತು. ನಾವು ಲೈನಿನ ಮಕ್ಕಳು ಆಟ ಆಡುವಾಗ ಫ್ಯಾಂಟಮ್ ಆಗೋಕೆ ಜಗಳ ಆಡ್ತಿದ್ವಿ. ಹುಡುಗಿ ಅನ್ನೋ ಕಾರಣಕ್ಕೆ ನನ್ನನ್ನ ಯಾವಾಗ್ಲೂ ಡಯಾನಾ ಮಾಡೋರು. ಡಯಾನಾಗೆ ಏನು ಕೆಲಸ? ಕಂಬಕ್ಕೆ ಕಟ್ಟಿಸ್ಕೊಂಡು ನಿಂತಿರೋದು. ಆ ಕಂಬ ಅಂದ್ರೆ ಸಿಲ್ವರ್ ಮರ, ಮೈಯೆಲ್ಲ ಚಗಳಿ.

ಕಾಮಿಕ್ಸ್ ಇತಿಹಾಸದಲ್ಲಿ ಕನ್ನಡಕ್ಕೆ ಒಂದು ವಿಚಿತ್ರ ಜಾಗ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷಿನ ಅಮರ ಚಿತ್ರ ಕಥಾ ಮಾಲೆ ಶುರುವಾಗೋದು 11ನೇ ನಂಬರಿನಿಂದ. ಮೊದಲ ಹತ್ತು ಎಲ್ಲಿ ಹೋದ್ವು? ಅವು ಕನ್ನಡದಲ್ಲಿ ಬಂದಿದ್ವು. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅನ್ನೋ ಪುಸ್ತಕದ ವ್ಯಾಪಾರದವರ ಉತ್ಸಾಹದಿಂದ ಬಂದ ಪುಸ್ತಕಗಳವು. ಖುಷಿಪಡುವ ಮೊದಲು ಕತೆ ಯಾವುದು ಅಂತ ಕೇಳಿ: ಸಿಂಡ್ರೆಲಾ, ಸ್ನೋ ವೈಟ್, ನಿದ್ದೆ ಹೋದ ರಾಜಕುಮಾರಿ, ಕೆಂಪು ಟೋಪಿಯ ಹುಡುಗಿ. ಕನ್ನಡದ ಹುಡುಗೀರಿಗೆ ಸಿಕ್ಕ ಚಿತ್ರಕತೆಯಲ್ಲಿ ಒಬ್ಬಳು ಮಲಗಿದಾಳೆ, ಒಬ್ಬಳು ಸತ್ತಂಗೆ ಬಿದ್ದಿದಾಳೆ, ಒಬ್ಬಳನ್ನ ತೋಳ ತಿಂತು. ಸಿಂಡ್ರೆಲಾ ಒಬ್ಬಳೇ ನಮ್ಮ ಪೈಕಿ. ಅವಳಾದ್ರೂ ಮುಸುರೆ ತಿಕ್ತಿದ್ಳು.

ಆಮೇಲೆ ಬಾಲಮಂಗಳ ಬಂತು. ಅದರಲ್ಲಿ ಡಿಂಗ. ಇಲಿ! ಇಲಿಗೂ ಸೂಪರ್‌ಹೀರೋ ಆಗೋ ಭಾಗ್ಯ ಬಂತು ಮಾರಾಯ್ರೆ, ನಮ್ಮ ಹುಡುಗೀರಿಗೆ ಬರಲಿಲ್ಲ. (ಡಿಂಗನ ಮೇಲೆ ನನಗೆ ಕೋಪ ಇಲ್ಲ, ಈಗಲೂ ಇಷ್ಟ.) ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನ ನಮ್ಮಪ್ಪ ಓದ್ತಿದ್ದ. ಹೆಚ್ಚು ಶಾಲೆ ಓದದ ಆ ಮನುಷ್ಯ ನೂರಾರು ಕಾದಂಬರಿ ಬರೆದು, ನಮ್ಮಪ್ಪನಂಥ ಅರ್ಧ ಅಕ್ಷರ ಬಲ್ಲವರನ್ನೂ ಓದುಗರನ್ನಾಗಿ ಮಾಡಿದ್ರು. ಅದು ದೊಡ್ಡ ಕೆಲಸ. ಆದ್ರೆ ಪತ್ತೇದಾರ ಪುರುಷೋತ್ತಮ ಹೆಸರಿಗೆ ತಕ್ಕ ಹಾಗೆ ಪುರುಷೋತ್ತಮನೇ.

ಇನ್ನು ತೇಜಸ್ವಿ. ಮೂಡಿಗೆರೆ ಮೇಲೆ ಬರೆದು ತೇಜಸ್ವಿ ಬಿಟ್ರೆ ಬೈತೀರಿ. ಬಿಡೋದೂ ಇಲ್ಲ, ಯಾಕಂದ್ರೆ ನಮ್ಮ ತೋಟ, ನಮ್ಮ ಹಳ್ಳ, ನಮ್ಮ ಇಂಬಳ ಪುಸ್ತಕದೊಳಗೆ ಬರಬಹುದು ಅಂತ ನನಗೆ ಗೊತ್ತಾಗಿದ್ದೇ ಅವರಿಂದ. 1980ರ 'ಕರ್ವಾಲೊ'ದಲ್ಲಿ ವಿಜ್ಞಾನಿಗೆ ದಾರಿ ತೋರಿಸೋನು ಜೇನು ಕೀಳುವ, ಕೆಲಸಕ್ಕೆ ಬಾರದವನು ಅಂತ ಊರು ನಗುವ ಮಂದಣ್ಣ. ದೊರೆ ಹಾಕಿದ ಅಚ್ಚು ಅಲ್ಲಿ ಮುರೀತು. ಕಾಡು ಗೊತ್ತಿರೋದು ಕಾಡಿನಲ್ಲಿ ಕೆಲಸ ಮಾಡಿದವನಿಗೆ, ಅನ್ನೋದನ್ನ ಕನ್ನಡ ಓದುಗರು ಒಪ್ಪಿದ್ರು. ಆದ್ರೆ ಹಾರುವ ಓತಿ ಹುಡುಕಿಕೊಂಡು ನಾರ್ವೆ ಕಾಡಿಗೆ ಹೊರಟ ಗುಂಪಲ್ಲಿ ಹೆಣ್ಣು ಒಂದೂ ಇಲ್ಲ. ಮಂದಣ್ಣನ ಮದುವೆ ಅಷ್ಟು ತಮಾಷೆಯಾಗಿ ಬರುತ್ತೆ, ರಾಮವ್ವ ಮನೇಲೇ ಉಳೀತಾಳೆ. ಕಿವಿ ಅನ್ನೋ ನಾಯಿಗೆ ಆ ಕಾದಂಬರಿಯಲ್ಲಿ ಸಿಕ್ಕಷ್ಟು ಜಾಗ ಅವಳಿಗಿಲ್ಲ. 'ಜುಗಾರಿ ಕ್ರಾಸ್'ನಲ್ಲಿ ಇದು ಬದಲಾಯ್ತು. ಏಲಕ್ಕಿ ಮಾರೋಕೆ ಹೊರಟ ಸುರೇಶನ ಜೊತೆ ಗೌರಿಯೂ ಅಪಾಯದೊಳಕ್ಕೆ ಇಳೀತಾಳೆ. 'ಕಿರಗೂರಿನ ಗಯ್ಯಾಳಿಗಳು' ಅಂತೂ ಹೆಂಗಸರದ್ದೇ ಕತೆ. ಹೆಂಡ, ಜಗಳ, ಗಂಡಸರ ಕಿತಾಪತಿ ಎಲ್ಲದಕ್ಕೂ ಎದುರು ನಿಂತವರು ಅವರು. ಆದ್ರೂ ಹೆಸರು ನೋಡಿ. ಗಂಡಸು ಎದುರು ನಿಂತ್ರೆ ಶೂರ, ಹೆಂಗಸು ನಿಂತ್ರೆ ಗಯ್ಯಾಳಿ. ತೇಜಸ್ವಿ ಅದನ್ನ ಮೆಚ್ಚಿಯೇ ಇಟ್ಟಿದ್ದು, ಗೊತ್ತು. ಹದಿಮೂರು ವರ್ಷದ ಹುಡುಗಿ ಗಯ್ಯಾಳಿ ಅಂತ ಕರೆಸ್ಕೊಳ್ಳೋಕೆ ಎಷ್ಟು ಧೈರ್ಯ ಬೇಕು ಅನ್ನೋದೂ ನನಗೆ ಗೊತ್ತು.

ಅವರೇ ಕನ್ನಡಕ್ಕೆ ತಂದ 'ಮಹಾಪಲಾಯನ'ದಲ್ಲಿ ಒಬ್ಬ ಹುಡುಗಿ ಇದಾಳೆ, ನೆನಪಿದೆಯಾ? ಸೈಬೀರಿಯಾದ ಸೆರೆಯಿಂದ ತಪ್ಪಿಸ್ಕೊಂಡು ನಡೆಯುವ ಗಂಡಸರ ಜೊತೆ ದಾರೀಲಿ ಸೇರ್ಕೊಳ್ಳುವ ಕ್ರಿಸ್ಟಿನಾ. ಆ ಮೂಲ ಪುಸ್ತಕ ನಿಜವೋ ಕಟ್ಟಿದ್ದೋ ಅನ್ನೋ ಜಗಳ ಬೇರೆ ಇದೆ, ಅದು ಇರಲಿ. ಓದುವಾಗ ನನಗೆ ಅವಳೇ ನಾನು ಅನಿಸಿತ್ತು. ಗೋಬಿ ಮರುಭೂಮಿಯಲ್ಲಿ ಅವಳು ಸತ್ಲು. ಪುಸ್ತಕ ಮುಚ್ಚಿಟ್ಟು ಎರಡು ದಿನ ಮುಟ್ಟಲಿಲ್ಲ.

ಸಾಯೋ ಮಾತು ಬಂತಲ್ಲ, ಈಗ ಓಬವ್ವನ ಹತ್ರ ಬರೋಣ.

ನಮ್ಮೋಳು ಅಂತ ಎದೆ ತಟ್ಟಿ ಹೇಳ್ಕೊಳ್ಳೋಕೆ ಕರ್ನಾಟಕದಲ್ಲಿ ಇರೋ ಸೂಪರ್‌ಹೀರೋ ಅವಳೊಬ್ಬಳೇ. ಚಿತ್ರದುರ್ಗದ ಕೋಟೆ, ಹೈದರಾಲಿಯ ಮುತ್ತಿಗೆ, ಬಂಡೆ ಸಂದಿಯ ಕಿಂಡಿ. ಕಾವಲಿನ ಕಹಳೆ ಮುದ್ದ ಹನುಮ ಊಟಕ್ಕೆ ಬಂದಿದಾನೆ, ಹೆಂಡತಿ ನೀರು ತರೋಕೆ ಹೋಗಿದಾಳೆ, ಕಿಂಡಿಯಿಂದ ಒಬ್ಬೊಬ್ಬನೇ ನುಸುಳಿ ಬರೋದು ಕಾಣುತ್ತೆ. ಮನೆಯ ಒನಕೆ ತಂದು ನಿಂತ್ಲು. ಕೋಟೆ 1779ರಲ್ಲಿ ಬಿತ್ತು, ಓಬವ್ವ ಬೀಳಲಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಸಿನಿಮಾದ ಒಂದು ಹಾಡಿನಲ್ಲಿ ಜಯಂತಿ ಓಬವ್ವನಾಗಿ ಬಂದ್ರು. ಇವತ್ತಿಗೂ ಶಾಲೆ ವಾರ್ಷಿಕೋತ್ಸವ ಅಂದ್ರೆ ಆ ಹಾಡು ಇರಲೇಬೇಕು. ನಾನು ಓದಿದ ಶಾಲೇಲೂ ಇತ್ತು. ಓಬವ್ವನ ಪಾತ್ರ ಯಾರಿಗೆ ಕೊಟ್ರು ಅಂತ ಕೇಳಬೇಡಿ. ಬೆಳ್ಳಗಿರೋ ಹುಡುಗಿಗೆ ಕೊಟ್ರು. ನನಗೆ ಹೈದರನ ಸೈನಿಕನ ಪಾತ್ರ. ಒನಕೆ ಏಟು ತಿಂದು ಬೀಳೋದು. ಓಬವ್ವ ಛಲವಾದಿ ಜಾತಿಯವಳು, ನಮ್ಮ ಕೇರಿಯ ಹೆಂಗಸು ಅಂತ ಆ ಮೇಷ್ಟ್ರು ಹೇಳಲಿಲ್ಲ. ಅದು ನನಗೆ ಗೊತ್ತಾಗಿದ್ದು ಸಂಘಕ್ಕೆ ಬಂದ ಮೇಲೆ. 1974ರಲ್ಲಿ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ನಮಗೆ ಭೂಮಿ ಕೊಡಿಸ್ತೋ ಇಲ್ವೋ, ನಮ್ಮ ಅಜ್ಜಿ ಯಾರು ಅಂತ ಹೇಳಿಕೊಡ್ತು.

ಓಬವ್ವನ ಕತೇಲಿ ನನಗೆ ಈಗಲೂ ಮೈ ಜುಮ್ ಅನ್ನಿಸೋದು ಆ ಒನಕೆ. ಬೇರೆ ಸೂಪರ್‌ಹೀರೋಗಳಿಗೆ ಶಕ್ತಿ ಎಲ್ಲಿಂದ ಬರುತ್ತೆ? ಒಬ್ಬನಿಗೆ ಜೇಡ ಕಚ್ತು, ಇನ್ನೊಬ್ಬ ಬೇರೆ ಗ್ರಹದಿಂದ ಬಿದ್ದ. 1941ರ ವಂಡರ್ ವುಮನ್ ಕೂಡ ರಾಜನ ಮನೆತನದೋಳೇ, ರಾಣಿಯ ಮಗಳು. ಓಬವ್ವನಿಗೆ ಭತ್ತ ಕುಟ್ಟಿ ಕುಟ್ಟಿ ಬಂತು. ಅವಳ ರಟ್ಟೆಯ ಬಲಕ್ಕೆ ಪವಾಡ ಬೇಡ, ದುಡಿಮೆ ಸಾಕು. ಒಂದು ದಿನಕ್ಕೆ ಇಷ್ಟು ಕುಕ್ಕೆ ಅಂತ ಕಾಫಿ ಕೊಯ್ದು, ಮೂಟೆ ಹೊತ್ತು ಕಣಕ್ಕೆ ತರುವ ನಮ್ಮ ಹೆಂಗಸರ ಕುತ್ತಿಗೆ ನೋಡಿದೋರಿಗೆ ಇದು ಅರ್ಥ ಆಗುತ್ತೆ.

ಆದ್ರೆ ಓಬವ್ವ ಸಾಯ್ತಾಳೆ. ಹಾಡು ಮುಗಿಯುವಾಗ ಸಾಯಲೇಬೇಕು. ನನ್ನ ತಕರಾರು ಇದೇ. ಫ್ಯಾಂಟಮ್ ಸಾಯಲ್ಲ, ಅಪ್ಪ ಸತ್ರೆ ಮಗ ಅದೇ ಬಟ್ಟೆ ಹಾಕ್ಕೊಂಡು ಬರ್ತಾನೆ. ಪುರುಷೋತ್ತಮ ಸಾಯಲ್ಲ, ಮುಂದಿನ ಕಾದಂಬರಿಗೆ ಕೇಸು ಕಾದಿರುತ್ತೆ. ಗಂಡು ಹೀರೋಗೆ ಮಾಲಿಕೆ, ಹೆಣ್ಣಿಗೆ ಸ್ಮಾರಕ. 2021ರಿಂದ ನವೆಂಬರ್ 11ಕ್ಕೆ ಸರ್ಕಾರ ಓಬವ್ವನ ಜಯಂತಿ ಮಾಡ್ತಿದೆ, ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. ಮಾಲೆ ಹಾಕಿ ಫೋಟೋ ತೆಗೆಸ್ಕೊಳ್ಳೋರು ಬಹಳ. ಮಾರನೇ ದಿನ ಬೆಳಿಗ್ಗೆ ಓಬವ್ವ ಎದ್ದು ಏನು ಮಾಡಿದ್ಳು ಅಂತ ಒಂದು ಮಕ್ಕಳ ಕಾದಂಬರಿ ನನ್ನ ಕೈಗೆ ಸಿಕ್ಕಿಲ್ಲ. ಸತ್ತ ದಲಿತ ಹೆಣ್ಣಿಗೆ ಮರ್ಯಾದೆ ಕೊಡೋದು ಈ ಸಮಾಜಕ್ಕೆ ಸುಲಭ. ಬದುಕಿ ಬಂದು ಪಕ್ಕದ ಕುರ್ಚಿ ಕೇಳಿದ್ರೆ ತಾನೇ ಕಷ್ಟ.

ಹೊರದೇಶದಲ್ಲಿ ಹುಡುಗೀರಿಗೆ ಮಾಲಿಕೆ ಬಂದಿದೆ. 1930ರಲ್ಲೇ ಅಮೆರಿಕಾದಲ್ಲಿ ನ್ಯಾನ್ಸಿ ಡ್ರೂ ಅನ್ನೋ ಪತ್ತೇದಾರ ಹುಡುಗಿ ಹುಟ್ಟಿದ್ಳು. ಸ್ವಂತ ಕಾರಿತ್ತು ಅವಳಿಗೆ. ಆದ್ರೆ ಆ ಮೊದಲ ಪುಸ್ತಕಗಳಲ್ಲಿ ಕಪ್ಪು ಜನರನ್ನ ಎಷ್ಟು ಕೀಳಾಗಿ ಬರೆದಿದ್ರು ಅಂದ್ರೆ, 1959ರಿಂದ ತಿದ್ದಿ ಮತ್ತೆ ಅಚ್ಚು ಹಾಕಬೇಕಾಯ್ತು. 2014ರಲ್ಲಿ ಮಾರ್ವೆಲ್‌ನವರು ಕಮಲಾ ಖಾನ್ ಅನ್ನೋ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿಗೆ ಸ್ವಂತ ಪತ್ರಿಕೆ ಕೊಟ್ರು. ಎಂಬತ್ತು ವರ್ಷ ಹಿಡೀತು ಅವರಿಗೆ. ನಾವಿನ್ನೂ ಲೆಕ್ಕ ಶುರು ಮಾಡಿಲ್ಲ.

ಬರೆಯೋರು ನಮ್ಮಲ್ಲಿ ಇರಲಿಲ್ಲ ಅನ್ನಬೇಡಿ. 1855ರಲ್ಲಿ, ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಓದ್ತಿದ್ದ ಮುಕ್ತಾಬಾಯಿ ಅನ್ನೋ ಹುಡುಗಿ, ನಮ್ಮ ಕಡೆ ಮಾದಿಗರು ಇದ್ದ ಹಾಗೆ ಅಲ್ಲಿಯ ಮಾಂಗ್ ಜಾತಿಯವಳು, ಮಾಂಗ್ ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದ್ಳು. 'ಜ್ಞಾನೋದಯ' ಪತ್ರಿಕೇಲಿ ಅಚ್ಚಾಯ್ತು. ಶಾಲೆ ಹುಡುಗಿ! ನಮ್ಮವರನ್ನ ಹೇಗೆ ಹಿಂಸಿಸಿದ್ರು, ನಮಗೆ ಧರ್ಮ ಯಾವುದು ಅಂತ ಬ್ರಾಹ್ಮಣ ಪಂಡಿತರನ್ನ ನೇರ ಕೇಳಿದ್ಳು. ಎಲಿಯಟ್ ದೊರೆಯ ಪುಸ್ತಕಕ್ಕಿಂತ 16 ವರ್ಷ ಮೊದಲು. ಮುಕ್ತಾಬಾಯಿ ಆ ಪ್ರಬಂಧದ ಆಚೆ ಬರೆದದ್ದು ಒಂದೂ ನಮ್ಮ ಕೈಗೆ ಬಂದಿಲ್ಲ. ಅವಳಿಗೂ ಮುಂದಿನ ಸಂಚಿಕೆ ಇಲ್ಲ.

ಈಗ ನೋಟ್‌ಬುಕ್ಕಿನ ವಿಷಯ. ಏಳು ಅಧ್ಯಾಯ ಆಗಿದೆ. ಏಳನೇದರಲ್ಲಿ ಹುಡುಗಿ ಮಕ್ಕಳನ್ನ ಕರ್ಕೊಂಡು ಹಳ್ಳದ ಹತ್ರ ನಿಂತಿದಾಳೆ, ನೀರು ಏರಿದೆ, ಆಚೆ ದಡದಲ್ಲಿ ಒಂಟಿ ಸಲಗ. "ಮುಂದುವರಿಯುವುದು." ಅದರ ಕೆಳಗೆ ಖಾಲಿ. ಆ ಪುಟಕ್ಕೆ ಎರಡು ತಿಂಗಳಾಯ್ತಂತೆ.

"ಯಾಕೆ ಪುಟ್ಟಿ ನಿಲ್ಲಿಸ್ದೆ?" ಅಂದೆ.

"ಶಾಲೇನೇ ಇಲ್ವಲ್ಲ ಚಿಕ್ಕವ್ವ. ಅವ್ಳು ಎಲ್ಲಿಗೆ ದಾಟಿಸ್ತಾಳೆ?"

ಏಳನೇ ಕ್ಲಾಸು ಮುಗೀತು. ಹೈಸ್ಕೂಲು ದೂರ, ಆ ದಾರೀಲಿ ಬಸ್ಸಿಲ್ಲ, ಆನೆ ಇದೆ. ಹಾಸ್ಟೆಲ್ಲಿಗೆ ಅರ್ಜಿ ಹಾಕಿದಾರೆ, ಪಟ್ಟಿ ಬಂದಿಲ್ಲ. ಶಾಲೆ ಶುರುವಾಗಿ ಮೂರು ವಾರ ಆಯ್ತು. ಭಾವ ಕೆಟ್ಟೋರಲ್ಲ. ಹೋದ ವರ್ಷ ಪಕ್ಕದ ತೋಟದಲ್ಲಿ ಆನೆ ತುಳಿದು ಸತ್ತವನ ಹೆಣ ಹೊತ್ತವರಲ್ಲಿ ಅವರೂ ಒಬ್ಬರು. "ನೀನು ಭಾಷಣ ಮಾಡ್ತೀಯ ಕಣವ್ವ, ಮಗು ಹೋದ್ರೆ ತಂದ್ಕೊಡ್ತೀಯಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಅಕ್ಕ ಮಾತಾಡಲಿಲ್ಲ, ಒಲೆಗೆ ಸೌದೆ ಹಾಕ್ತಿದ್ಳು. ರೈಟರು ಆಗಲೇ ಕೇಳಿದಾರಂತೆ, ಹುಡುಗಿ ದೊಡ್ಡೋಳಾದ್ಳು, ಕೊಯ್ಲಿಗೆ ಹೆಸರು ಬರ್ಕೊಳ್ಳಲಾ ಅಂತ.

ಸೋಮವಾರ ಅವಳನ್ನೂ ಅಕ್ಕನ್ನೂ ಕರ್ಕೊಂಡು ತಾಲೂಕು ಆಫೀಸಿಗೆ ಹೋಗ್ತಿದೀನಿ. ಪಟ್ಟಿ ಕೊಡೋವರೆಗೂ ಅಲ್ಲೇ ಕೂರೋದು ಅಂತ ತೀರ್ಮಾನ ಆಗಿದೆ. ಮೂಡಿಗೆರೆ ಕಡೆಯ ಗೆಳೆಯರು ಹನ್ನೊಂದು ಗಂಟೆಗೆ ಬಂದ್ರೆ ಒಳ್ಳೇದು, ಇಬ್ಬರು ಮೂವರು ಹೆಚ್ಚಿದ್ರೆ ಮಾತಿಗೆ ತೂಕ ಬರುತ್ತೆ. ನಾನು ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದ್ಳು: ನೋಟ್‌ಬುಕ್ಕಲ್ಲಿ ಹಾಳೆ ಮುಗೀತಾ ಬಂತು, ಬರುವಾಗ 200 ಪುಟದ್ದು ಒಂದು ತಾ, ಗೆರೆ ಇಲ್ಲದ್ದು, ಚಿತ್ರ ಬರೀಬೇಕು ಅಂತ. ತಗೊಂಡಿದೀನಿ.