ಕ್ರೌನ್, ಪಿನಿಯನ್ ಮತ್ತು ಅವುಗಳ ಎಣ್ಣೆ

ತಿರುವಿನಲ್ಲಿ ಲಾರಿಯ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕಾಗುವುದರಿಂದ, ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಕೂಟವನ್ನು ಹಿಂದಿನ ಆಕ್ಸಲ್ಲಿನ ನಡುವೆ ಕೂರಿಸಲಾಗುತ್ತದೆ. ಡಿಫರೆನ್ಷಿಯಲ್ ಎಂದರೆ ಇದೇ. ಆದರೆ ಅದರ ಎಣ್ಣೆಯ ಚರಿತ್ರೆಯನ್ನು ನಿರ್ಧರಿಸಿದ್ದು ಈ ಕೂಟವನ್ನು ತಿರುಗಿಸುವ ಜೋಡಿ, ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಬಲವನ್ನು ತರುವ ಚಿಕ್ಕ ಪಿನಿಯನ್ ಮತ್ತು ಅದರೊಡನೆ ಕಚ್ಚಿಕೊಂಡ ದೊಡ್ಡ ಕ್ರೌನ್.

ಮೋಟಾರು ವಾಹನಗಳ ಮೊದಲ ದಶಕಗಳಲ್ಲಿ ಎಣ್ಣೆ ಮಂದವಾಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಬಲವಾಗಿತ್ತು. ಉಗಿಯಂತ್ರದ ಸಿಲಿಂಡರಿಗೆಂದು ತಯಾರಾಗುತ್ತಿದ್ದ ಗಟ್ಟಿ ಎಣ್ಣೆಯನ್ನೇ ಆಕ್ಸಲ್ಲಿಗೂ ಸುರಿಯಲಾಗುತ್ತಿತ್ತು. ಅಮೆರಿಕದ ರೋಚೆಸ್ಟರ್ ನಗರದಲ್ಲಿ 1866ರಲ್ಲಿ ಆರಂಭವಾದ ವ್ಯಾಕ್ಯೂಮ್ ಆಯಿಲ್ ಕಂಪನಿಯ ‘600-ಡಬ್ಲ್ಯು’ ಇವುಗಳಲ್ಲಿ ಹೆಸರುವಾಸಿ. ಹಲ್ಲುಗಳು ಒಂದರ ಮೇಲೊಂದು ಬಹುಮಟ್ಟಿಗೆ ಉರುಳುತ್ತಿದ್ದ ಅಂದಿನ ಬೆವೆಲ್ ಗೇರುಗಳಿಗೆ ಅದು ಸಾಕಾಗಿತ್ತು ಕೂಡ.

ಆ ಎಣ್ಣೆಯ ಕಾಲವನ್ನು ಮುಗಿಸಿದ ಗೇರ್ ಹುಟ್ಟಿದ್ದೂ ಅದೇ ರೋಚೆಸ್ಟರಿನಲ್ಲಿ ಎಂಬುದು ಗಮನಾರ್ಹ. ಅಲ್ಲಿನ ಗ್ಲೀಸನ್ ಕಾರ್ಖಾನೆ ರೂಪಿಸಿದ ಹೈಪಾಯ್ಡ್ ಗೇರನ್ನು ಪ್ಯಾಕರ್ಡ್ ಕಂಪನಿ 1926ರಲ್ಲಿ ತನ್ನ ಕಾರುಗಳಿಗೆ ಅಳವಡಿಸಿತು. ಇದರಲ್ಲಿ ಪಿನಿಯನ್ನಿನ ನಡುಗೆರೆ ಕ್ರೌನಿನ ನಡುಗೆರೆಗಿಂತ ಕೆಳಗಿರುತ್ತದೆ. ಹಾಗಾಗಿ ಶಾಫ್ಟು ತಗ್ಗಿತು, ಪಿನಿಯನ್ ದಪ್ಪಗೂ ಬಲವಾಗಿಯೂ ಆಯಿತು, ಸದ್ದೂ ಇಳಿಯಿತು. ಇವುಗಳಿಗೆ ತೆತ್ತ ಬೆಲೆಯೆಂದರೆ ಜಾರುವಿಕೆ. ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಉದ್ದುದ್ದ ಜಾರುತ್ತ ಎಣ್ಣೆಯ ಪದರವನ್ನು ಒರೆಸಿಹಾಕುತ್ತವೆ. ಆಗ ನೇರವಾಗಿ ತಾಕಿದ ಉಕ್ಕು ಕಾದು, ಕ್ಷಣಕಾಲ ಬೆಸೆದುಕೊಂಡು, ಮರುಕ್ಷಣವೇ ಕಿತ್ತುಬಂದು ಹಲ್ಲಿನ ಮೈಮೇಲೆ ಗೀರುಗಳನ್ನು ಉಳಿಸುತ್ತದೆ. ಎಣ್ಣೆ ಎಷ್ಟೇ ಮಂದವಾಗಿದ್ದರೂ ಇದನ್ನು ತಡೆಯಲಾರದು.

ಪರಿಹಾರ ಬಂದದ್ದು ರಸಾಯನಶಾಸ್ತ್ರದಿಂದ. ಎಣ್ಣೆಗೆ ಬೆರೆಸಿದ ಗಂಧಕದ ಸಂಯುಕ್ತಗಳು ಹಲ್ಲು ಕಾದ ಜಾಗದಲ್ಲೇ ಕಬ್ಬಿಣದೊಡನೆ ಕೂಡಿ ಗಂಧಕಯುಕ್ತ ತೆಳುಪೊರೆಯಾಗುತ್ತವೆ. ಸವೆಯುವುದು ಆ ಪೊರೆ, ಉಕ್ಕು ಉಳಿಯುತ್ತದೆ. ಇಂತಹ ಬೆರಕೆಗಳಿಗೆ ಅತಿಒತ್ತಡದ ಸೇರ್ಪಡೆಗಳೆನ್ನುತ್ತಾರೆ. ಗೇರ್ ಎಣ್ಣೆಯ ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ಘಾಟು ಇವುಗಳದೇ. ಮೊದಮೊದಲು ಗಂಧಕದೊಡನೆ ಸೀಸದ ಸಾಬೂನು ಮತ್ತು ಕ್ಲೋರಿನ್ ಸೇರುತ್ತಿದ್ದವು. ಗಂಧಕ ಬೆರೆಸಿದ ಸ್ಪರ್ಮ್ ತಿಮಿಂಗಿಲದ ಎಣ್ಣೆಯೂ ಬಳಕೆಯಲ್ಲಿದ್ದು, 1970ರಲ್ಲಿ ಅಮೆರಿಕವು ಆ ಪ್ರಾಣಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ಅಲ್ಲಿ ಅದಕ್ಕೆ ಬದಲಿ ಹುಡುಕಬೇಕಾಯಿತು. ಗೇರಿನ ನುಣುಪಿಗಾಗಿ ತಿಮಿಂಗಿಲಗಳನ್ನು ಕೊಂದ ಆ ಅಧ್ಯಾಯವನ್ನು ಈ ಚರಿತ್ರೆಯಿಂದ ಮರೆಮಾಡಲಾಗದು.

ಗುಣಮಟ್ಟಕ್ಕೆ ಅಳತೆಗೋಲು ಒದಗಿಸಿದ್ದು ಅಮೆರಿಕದ ಸೇನೆ. ಅದರ 1950ರ ಎಂಐಎಲ್-ಎಲ್-2105 ಮಾನದಂಡ ಸುಮಾರಾಗಿ ಇಂದಿನ ಜಿಎಲ್-4 ದರ್ಜೆಗೂ, 1962ರ ಕಠಿಣತರ 2105ಬಿ ಜಿಎಲ್-5 ದರ್ಜೆಗೂ ಹೊಂದುತ್ತವೆ. ಗಂಧಕ ಮತ್ತು ರಂಜಕ ಕೂಡಿದ ಸೇರ್ಪಡೆಗಳು ನೆಲೆಯೂರಿದ್ದು ಈ ಎರಡನೆಯದರೊಂದಿಗೆ.

ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಎಣ್ಣೆಯನ್ನು ‘ನೈಂಟಿ’, ‘ಒನ್ ಫಾರ್ಟಿ’ ಎಂದು ಅಂಕೆಯಿಂದಲೇ ಕೇಳುವುದುಂಟು. ಆ ಅಂಕೆ ಹೇಳುವುದು ಮಂದತೆಯನ್ನು ಮಾತ್ರ, ಅದೂ ಎಂಜಿನ್ ಎಣ್ಣೆಯದಕ್ಕಿಂತ ಬೇರೆ ಮಾಪನದಲ್ಲಿ. ಗೇರ್ ಎಣ್ಣೆಯ 90 ಸರಿಸುಮಾರು ಎಂಜಿನ್ ಎಣ್ಣೆಯ 40ರಿಂದ 50ರಷ್ಟೇ ಮಂದ. ಹೈಪಾಯ್ಡ್ ಕ್ರೌನಿಗೆ ಸಾಮಾನ್ಯವಾಗಿ ಬೇಕಾಗುವುದು ಜಿಎಲ್-5 ದರ್ಜೆ. ಅದೇ ಎಣ್ಣೆಯ ಗಂಧಕ ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದಾದ್ದರಿಂದ, ತಯಾರಕರು ಒಪ್ಪದ ಹೊರತು ಒಂದೇ ಡಬ್ಬಿಯನ್ನು ಎರಡಕ್ಕೂ ಸುರಿಯಬಾರದು.